ಒಂದೇ ಗೆರೆಗೆ ಮೂರು ಅಳತೆ ಬರುತ್ತಿದೆ, ಯಾವುದನ್ನು ನಂಬಲಿ?

ಬಟವಾಡಿ ಡ್ರಾಯಿಂಗ್, ತುಮಕೂರು

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಫೈಲ್ ಮುಂದೆ ಕೂತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ದೇವರಾಯನದುರ್ಗದ ಬೆಟ್ಟದ ಬುಡದಲ್ಲಿ ಒಬ್ಬರದ್ದು ಒಂದು ಎಕರೆ ಜಮೀನು ಇದೆ. ಸುತ್ತ ತಂತಿ ಬೇಲಿ ಹಾಕಿಸಬೇಕು, ಮೂಲೆಯಲ್ಲಿ ಒಂದು ಸಣ್ಣ ಮನೆ ಕಟ್ಟಿಸಬೇಕು. ಪ್ಲಾನ್ ಕೆಲಸ ನನ್ನ ಹತ್ತಿರ ಬಂದಿದೆ. ಟೋಟಲ್ ಸ್ಟೇಷನ್ ಅನ್ನುವ ಉಪಕರಣದಲ್ಲಿ ಸರ್ವೇ ಮಾಡಿಸಿ ಡ್ರಾಯಿಂಗ್ ಫೈಲ್ ಕೊಟ್ಟಿದ್ದಾರೆ. ಯುನಿಟ್ ಮೀಟರ್. ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ತೆರೆದು ಕೆಲಸ ಶುರು ಮಾಡಿದೆ.

ಪೂರ್ವದ ಗಡಿಯ ಗೆರೆ ಮಾತ್ರ ಹೇಳುತ್ತೇನೆ. ದೂರ ಅಳೆಯುವ ಡಿಸ್ಟ್ ಕಮಾಂಡ್ ಕೊಟ್ಟು ಎರಡು ಮೂಲೆ ಕ್ಲಿಕ್ ಮಾಡಿದರೆ 60.21 ಬರುತ್ತದೆ. ಅದೇ ಎರಡು ಮೂಲೆಗೆ ಅಲೈನ್ಡ್ ಡೈಮೆನ್ಷನ್ (ಗೆರೆಯ ಪಕ್ಕ ಅಳತೆ ಬರೆಯುವ ಗುರುತು) ಹಾಕಿದರೆ 60.00. ಕ್ಲಿಕ್ ಸರಿಯಾಗಿ ಗೆರೆಯ ತುದಿಗೇ ಬೀಳಲಿ ಅಂತ ಓಸ್ನಾಪ್‌ನಲ್ಲಿ ಎಂಡ್‌ಪಾಯಿಂಟ್ ಒಂದೇ ಆನ್ ಇದೆ. ಪೂರ್ತಿ ಜೂಮ್ ಮಾಡಿ ಕ್ಲಿಕ್ ಮಾಡಿದ್ದೇನೆ. ಹತ್ತು ಸಲ ಮಾಡಿದರೂ ಅದೇ.

ಇದರ ಜೊತೆ ಇನ್ನೊಂದು. ಮಾಲೀಕರ ಹತ್ತಿರ ಬಹಳ ಹಿಂದಿನ ಒಂದು ಕೈಬರಹದ ಸ್ಕೆಚ್ ಇದೆ. ಅದನ್ನೂ ನಮ್ಮ ಆಫೀಸಿನ ಹುಡುಗ ಅಡಿ ಲೆಕ್ಕದಲ್ಲಿ ಬರೆದು, 0.3048ರಿಂದ ಸ್ಕೇಲ್ ಮಾಡಿ, ಇದೇ ಫೈಲಿನಲ್ಲಿ ನೀಲಿ ಲೇಯರ್‌ಗೆ ಹಾಕಿದ್ದಾನೆ. ಆ ನೀಲಿ ಗೆರೆ 59.77 ಇದೆ.

ಅಂದರೆ 59.77, 60.00, 60.21. ಒಂದಕ್ಕೆ 23 ಸೆಂಟಿಮೀಟರ್ ಕಮ್ಮಿ, ಇನ್ನೊಂದಕ್ಕೆ 21 ಸೆಂಟಿಮೀಟರ್ ಜಾಸ್ತಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ವ್ಯತ್ಯಾಸ. ಹಾಗಾಗಿ ಅಳೆಯುವ ಟೂಲೇ ಕೆಟ್ಟಿದೆ ಅಂತ ನನ್ನ ಅನುಮಾನ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ.

ಮಾಲೀಕರು ತಾವೇ ಟೇಪ್ ಹಿಡಿದು ಅಳೆದಿದ್ದಾರೆ. 197 ಅಡಿ 6 ಇಂಚು ಬಂದಿದೆಯಂತೆ. ನನ್ನ ಪ್ಲಾನ್‌ನಲ್ಲಿ 196 ಅಡಿ 10 ಇಂಚು ನೋಡಿ, "ಎಂಟು ಇಂಚು ಜಮೀನು ಎಲ್ಲಿ ಹೋಯ್ತು ಸ್ವಾಮಿ?" ಅಂತ ನೇರವಾಗಿ ಕೇಳಿದರು. ಪಕ್ಕದ ಜಮೀನಿನವರ ಜೊತೆ ಮೊದಲೇ ಅಷ್ಟಕ್ಕಷ್ಟೇ. ನನ್ನ ಪ್ಲಾನ್‌ನಿಂದ ಜಗಳ ಆಗಬಾರದು. ಅದಕ್ಕೇ ಇಷ್ಟು ಒದ್ದಾಟ.

ಗೌರಿಬಿದನೂರು ಸಿವಿಲ್

ಸರ್, ಮೊದಲು ಸುಲಭದ್ದು ನೋಡಿಬಿಡೋಣ. ಅಳೆಯುವಾಗ ಗೆರೆ ಬರೆಯುವ ಮಾಡೆಲ್ ಟ್ಯಾಬ್‌ನಲ್ಲಿ ಇದ್ದೀರಾ, ಪ್ರಿಂಟ್ ಹಾಳೆಯ ಲೇಔಟ್ ಟ್ಯಾಬ್‌ನಲ್ಲಾ? ಲೇಔಟ್‌ನಲ್ಲಿ ವ್ಯೂಪೋರ್ಟ್ (ಡ್ರಾಯಿಂಗ್ ಕಾಣುವ ಕಿಟಕಿ) ಒಳಗೆ ಹೋಗದೆ ಡಿಸ್ಟ್ ಕೊಟ್ಟರೆ ಅದು ಹಾಳೆಯ ಮೇಲಿನ ಅಳತೆ ಹೇಳಬಹುದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ 12 ಮೀಟರ್ ಗೋಡೆ 120 ಅಂತ ಬಂದು ಗಾಬರಿಯಾಗಿದ್ದೆ. ಮಿಲಿಮೀಟರ್ ಡ್ರಾಯಿಂಗ್, 1:100 ಹಾಳೆ. 12,000 ಬರಬೇಕಾದ ಕಡೆ 120 ಬಂದಿತ್ತು.

ಆದರೆ ನಿಮ್ಮದು ನೂರು ಪಟ್ಟು, ಹತ್ತು ಪಟ್ಟು ವ್ಯತ್ಯಾಸ ಅಲ್ಲ. 60ಕ್ಕೆ 0.21. ಯುನಿಟ್ ತಪ್ಪಿದರೆ 25.4 ಪಟ್ಟು, 304.8 ಪಟ್ಟು, ಹೀಗೆ ಎದ್ದು ಕಾಣುವ ಸಂಖ್ಯೆ ಬರುತ್ತದೆ. ಇದು ಬೇರೆ ಏನೋ.

ಅಂತರಸನಹಳ್ಳಿ ಟೂಲ್‌ರೂಂ, ತುಮಕೂರು

ನಾನು ಸಿವಿಲ್ ಅಲ್ಲ, ಡೈ ಮತ್ತು ಫಿಕ್ಸ್ಚರ್ ಕೆಲಸ. ಆದರೆ ಅಳತೆ ಅಳತೆಯೇ ಅಲ್ವಾ.

ನಮ್ಮಲ್ಲಿ ಮೈಕ್ರೋಮೀಟರ್ ಮೇಲೆ ಅನುಮಾನ ಬಂದರೆ ಜಾಬ್ (ಮಾಡುತ್ತಿರುವ ಭಾಗ) ಮೇಲೆ ಮತ್ತೆ ಮತ್ತೆ ಅಳೆಯುವುದಿಲ್ಲ. ಸ್ಲಿಪ್ ಗೇಜ್ (ಖಚಿತ ಅಳತೆಯ ತುಂಡು) ತೆಗೆದು ಅದನ್ನು ಅಳೆಯುತ್ತೇವೆ. ಗೊತ್ತಿರುವ ಅಳತೆಯನ್ನು ಉಪಕರಣ ಸರಿಯಾಗಿ ಹೇಳಿದರೆ ಉಪಕರಣ ಸರಿ ಇದೆ, ಜಾಬ್ ನೋಡಬೇಕು. ಕ್ಯಾಡ್‌ನಲ್ಲೂ ಅದನ್ನೇ ಮಾಡಿ. ಖಾಲಿ ಜಾಗದಲ್ಲಿ ಸರಿಯಾಗಿ 10 ಮೀಟರ್ ಗೆರೆ ಟೈಪ್ ಮಾಡಿ ಎಳೆಯಿರಿ. ಅದಕ್ಕೆ ಡಿಸ್ಟ್ ಕೊಡಿ, ಡೈಮೆನ್ಷನ್ ಹಾಕಿ.

ಡೈಮೆನ್ಷನ್ ಮಾತ್ರ ಬೇರೆ ಬಂದರೆ ಡಿಮ್ ಎಲ್‌ಫ್ಯಾಕ್ ಅನ್ನುವ ಸೆಟ್ಟಿಂಗ್ ನೋಡಿ. ಅದು 1 ಇರಬೇಕು. ಅದು 1 ಅಲ್ಲದಿದ್ದರೆ ಡೈಮೆನ್ಷನ್‌ನಲ್ಲಿ ಕಾಣುವ ಸಂಖ್ಯೆ ಗುಣಿಸಿ ಬರುತ್ತದೆ, ಡಿಸ್ಟ್‌ಗೆ ಅದರ ಸೋಂಕು ಇಲ್ಲ. ಜೊತೆಗೆ ಸಂಖ್ಯೆಯನ್ನು ರೌಂಡ್ ಮಾಡುವ ಡಿಮ್ ಆರ್‌ಎನ್‌ಡಿ ಸೊನ್ನೆ ಇದೆಯಾ ನೋಡಿ.

ಇನ್ನೊಂದು, ಡೈಮೆನ್ಷನ್ ಆಯ್ಕೆ ಮಾಡಿ ಪ್ರಾಪರ್ಟೀಸ್‌ನಲ್ಲಿ ಟೆಕ್ಸ್ಟ್ ಓವರ್‌ರೈಡ್ ಜಾಗ ನೋಡಿ. ಅಲ್ಲಿ ಏನಾದರೂ ಬರೆದಿದ್ದರೆ ಅದು ಅಳತೆ ಅಲ್ಲ, ಯಾರೋ ಟೈಪ್ ಮಾಡಿದ ಅಕ್ಷರ. ಇದನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಮ್ಮೆ ನಮಗೆ ಬಂದ ಪ್ಲೇಟ್ ಡ್ರಾಯಿಂಗ್‌ನಲ್ಲಿ ಎರಡು ತೂತಿನ ನಡುವೆ 45.00 ಅಂತ ಇತ್ತು. ಲೋಹ ಕತ್ತರಿಸುವ ವೈರ್‌ಕಟ್ ಮೆಷಿನ್‌ಗೆ ಅದೇ ಫೈಲ್ ಕೊಟ್ಟೆವು. ಮೆಷಿನ್ ಅಕ್ಷರ ಓದುವುದಿಲ್ಲ, ಗೆರೆ ಓದುತ್ತದೆ. ಗೆರೆ ಇದ್ದದ್ದು 44.60ಕ್ಕೆ. 12 ಪ್ಲೇಟ್ ಕೆಟ್ಟವು. ಡ್ರಾಯಿಂಗ್ ಬದಲಿಸಲು ಸೋಮಾರಿತನ ಪಟ್ಟು ಯಾರೋ ಸಂಖ್ಯೆಯ ಮೇಲೆ ಸಂಖ್ಯೆ ಬರೆದಿದ್ದರು. ಅವತ್ತಿನಿಂದ ಹೊರಗಿನ ಫೈಲ್ ಬಂದರೆ ಮೊದಲು ಎಲ್ಲ ಡೈಮೆನ್ಷನ್ ಒಟ್ಟಿಗೆ ಆಯ್ಕೆ ಮಾಡಿ ಆ ಜಾಗ ಖಾಲಿ ಇದೆಯಾ ಅಂತ ನೋಡುತ್ತೇನೆ. ಖಾಲಿ ಇಲ್ಲದಿದ್ದರೆ ಅಲ್ಲಿ <> ಚಿಹ್ನೆ ಹಾಕಿದರೆ ನಿಜವಾದ ಅಳತೆ ವಾಪಸ್ ಬರುತ್ತದೆ.

ಬಟವಾಡಿ ಡ್ರಾಯಿಂಗ್

ಮಾಡೆಲ್ ಟ್ಯಾಬ್‌ನಲ್ಲೇ ಇದ್ದೇನೆ ಮೇಡಂ. ಟೂಲ್‌ರೂಂ ಅಣ್ಣ ಹೇಳಿದ ಹಾಗೆ 10 ಮೀಟರ್ ಗೆರೆ ಎಳೆದೆ. ಡಿಸ್ಟ್‌ನಲ್ಲೂ 10.00, ಡೈಮೆನ್ಷನ್‌ನಲ್ಲೂ 10.00. ಡಿಮ್ ಎಲ್‌ಫ್ಯಾಕ್ 1 ಇದೆ. ಓವರ್‌ರೈಡ್ ಖಾಲಿ.

ಹಾಗಾದರೆ ಟೂಲ್ ಸರಿ ಇದೆ. ಆದರೆ ನನ್ನ ಗಡಿ ಗೆರೆಗೆ ಬಂದ ತಕ್ಷಣ ಎರಡೂ ಬೇರೆ ಬೇರೆ ಹೇಳುತ್ತವೆ.

ಕೋಲಾರ ಸರ್ವೇ

ತಮ್ಮಾ, ಡಿಸ್ಟ್ ಕೊಟ್ಟಾಗ ಮೊದಲ ಸಂಖ್ಯೆ ಒಂದನ್ನೇ ಓದುತ್ತಿದ್ದೀಯ. ಅದು ಪೂರ್ತಿ ಎರಡು ಸಾಲು ಉತ್ತರ ಕೊಡುತ್ತದೆ. ಎಫ್2 ಒತ್ತು, ಎಲ್ಲಾ ಕಾಣುತ್ತದೆ. ಕೊನೆಯಲ್ಲಿ ಡೆಲ್ಟಾ ಎಕ್ಸ್, ಡೆಲ್ಟಾ ವೈ, ಡೆಲ್ಟಾ ಝಡ್ ಅಂತ ಮೂರು ಇರುತ್ತವೆ. ಡೆಲ್ಟಾ ಝಡ್ ಎಷ್ಟಿದೆ ಅಂತ ಇಲ್ಲಿ ಹಾಕು. ಆಮೇಲೆ ಮಾತಾಡೋಣ.

ಬಟವಾಡಿ ಡ್ರಾಯಿಂಗ್

ಡೆಲ್ಟಾ ಝಡ್ 5.00 ಇದೆ ಸರ್.

ಕೋಲಾರ ಸರ್ವೇ

ಸಿಕ್ಕಿತು. ನಿನ್ನ ಒಂದು ಮೂಲೆ ಇನ್ನೊಂದಕ್ಕಿಂತ 5 ಮೀಟರ್ ಎತ್ತರದಲ್ಲಿದೆ.

ಟೋಟಲ್ ಸ್ಟೇಷನ್ ಪ್ರತಿ ಪಾಯಿಂಟ್‌ಗೂ ಮೂರು ಸಂಖ್ಯೆ ಕೊಡುತ್ತದೆ. ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ, ಆಮೇಲೆ ಮಟ್ಟ. ಸರ್ವೇ ಮಾಡಿದವರು ಆ ಮಟ್ಟದ ಸಮೇತ ಗೆರೆ ಎಳೆದು ಕೊಟ್ಟಿದ್ದಾರೆ. ನೀನು ಮೇಲಿನಿಂದ ನೋಡುತ್ತಿದ್ದೀಯ, ಹಾಗಾಗಿ ಗೆರೆ ಸಮವಾಗಿ ಮಲಗಿದ ಹಾಗೆ ಕಾಣುತ್ತದೆ. ನಿಜವಾಗಿ ಅದು ಏಣಿಯ ಹಾಗೆ ಓರೆಯಾಗಿ ನಿಂತಿದೆ. ವ್ಯೂ ಅನ್ನು ರೈಟ್‌ಗೆ ಬದಲಾಯಿಸಿ ನೋಡು, ನಿನ್ನ ಕಣ್ಣಿಗೇ ಬೀಳುತ್ತದೆ.

ಡಿಸ್ಟ್ ಓರೆಯ ಉದ್ದ ಅಳೆಯುತ್ತದೆ. ಡೈಮೆನ್ಷನ್ ಈಗಿನ ಯುಸಿಎಸ್‌ನ (ಎಕ್ಸ್, ವೈ ಅಕ್ಷಗಳ) ಸಮತಲದಲ್ಲಿ ಅಳೆಯುತ್ತದೆ. ಲೆಕ್ಕ ಹಾಕಿ ನೋಡು: 60ರ ವರ್ಗ 3600, 5ರ ವರ್ಗ 25, ಕೂಡಿದರೆ 3625. ಅದರ ವರ್ಗಮೂಲ 60.208. ನಿನ್ನ 60.21 ಅದೇ. ಎರಡು ಟೂಲ್‌ಗಳೂ ಸರಿಯಾಗಿಯೇ ಅಳೆದಿವೆ. ನೀನು ಎರಡು ಬೇರೆ ಪ್ರಶ್ನೆ ಕೇಳಿದ್ದೀಯ ಅಷ್ಟೇ.

ಈಗ ನಿನ್ನ ಮಾಲೀಕರ ಟೇಪಿಗೆ ಬಾ. 197 ಅಡಿ 6 ಇಂಚು ಅಂದರೆ 60.20 ಮೀಟರ್. ಅವರು ಟೇಪನ್ನು ನೆಲದ ಮೇಲೆ ಮಲಗಿಸಿ ಇಳಿಜಾರಿನ ಉದ್ದಕ್ಕೇ ಅಳೆದಿದ್ದಾರೆ. ಅವರ ಟೇಪೂ ಸುಳ್ಳು ಹೇಳಿಲ್ಲ. ಆದರೆ ಜಮೀನಿನ ವಿಸ್ತೀರ್ಣ ಲೆಕ್ಕ ಹಾಕುವುದು ಇಳಿಜಾರಿನ ಮೇಲಲ್ಲ, ಸಮತಲದ ಮೇಲೆ. ಇಲ್ಲದಿದ್ದರೆ ಬೆಟ್ಟದ ಮೇಲೆ ಒಂದು ಎಕರೆ ಇದ್ದವನಿಗೆ ಏರು ಜಾಸ್ತಿ ಆದಷ್ಟೂ ಜಮೀನು ಬೆಳೆಯುತ್ತಾ ಹೋಗಬೇಕಾಗುತ್ತಿತ್ತು.

ನಾನು ಕೆಲಸ ಕಲಿತದ್ದು ಚೈನ್ ಕಾಲದಲ್ಲಿ. 33 ಅಡಿ ಚೈನ್, ಅದರಲ್ಲಿ ಆಣೆ ಅನ್ನುವ 16 ಭಾಗ. ಒಂದು ಚೈನ್ ಉದ್ದ, ಒಂದು ಚೈನ್ ಅಗಲ ಇದ್ದರೆ ಒಂದು ಗುಂಟೆ, 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಇಳಿಜಾರು ಬಂದರೆ ಪೂರ್ತಿ ಚೈನ್ ಚಾಚುತ್ತಿರಲಿಲ್ಲ. ಸ್ವಲ್ಪ ಸ್ವಲ್ಪ ಉದ್ದ ಹಿಡಿದು, ಚೈನನ್ನು ಮಟ್ಟವಾಗಿ ಬಿಗಿದು, ತಗ್ಗಿನ ಕಡೆಯವನು ತೂಗುಗುಂಡು ಬಿಟ್ಟು ನೆಲದಲ್ಲಿ ಗುರುತು ಹಾಕುತ್ತಿದ್ದ. ಮತ್ತೆ ಆ ಗುರುತಿನಿಂದ ಮುಂದಕ್ಕೆ. ಮೆಟ್ಟಿಲು ಇಳಿದ ಹಾಗೆ. ಕೈ ನಡುಗಿದರೆ ಗುಂಡು ಆಡುತ್ತಿತ್ತು, ಅದು ನಿಲ್ಲುವವರೆಗೂ ಯಾರೂ ಮಾತಾಡುತ್ತಿರಲಿಲ್ಲ. ಡೈಮೆನ್ಷನ್ ಕಮಾಂಡ್ ಮಾಡುತ್ತಿರುವುದು ಅದೇ ಕೆಲಸ.

ಬಟವಾಡಿ ಡ್ರಾಯಿಂಗ್

ಸರ್, ರೈಟ್ ವ್ಯೂನಲ್ಲಿ ನೋಡಿದೆ. ಗೆರೆ ನಿಜಕ್ಕೂ ಓರೆಯಾಗಿದೆ. ಎರಡು ದಿನ ಕೂತರೂ ಒಂದು ಸಲ ಪಕ್ಕದಿಂದ ನೋಡಬೇಕು ಅಂತ ಹೊಳೆದಿರಲಿಲ್ಲ. ಬಹಳ ಥ್ಯಾಂಕ್ಸ್.

ಈಗ ಎಲ್ಲಾ ಗೆರೆಗಳನ್ನು ಸಮ ಮಾಡಿಬಿಡಲೇ? ಫ್ಲಾಟನ್ ಅಂತ ಒಂದು ಕಮಾಂಡ್ ಇದೆಯಲ್ಲ.

ಗೌರಿಬಿದನೂರು ಸಿವಿಲ್

ಅವಸರ ಮಾಡಬೇಡಿ ಸರ್! ಫ್ಲಾಟನ್ ಮಾಡಿದರೆ ಮಟ್ಟಗಳೆಲ್ಲ ಸೊನ್ನೆ ಆಗುತ್ತವೆ. ನಾಳೆ ಮನೆಯ ಪ್ಲಿಂತ್ (ನೆಲಗಟ್ಟು) ಎಷ್ಟು ಎತ್ತರ ಇಡಬೇಕು, ಮಳೆ ನೀರು ಯಾವ ಕಡೆ ಹರಿಯುತ್ತದೆ, ಅಗೆಯುವುದೆಷ್ಟು ತುಂಬುವುದೆಷ್ಟು ಅಂತ ಲೆಕ್ಕ ಹಾಕಲು ಆ ಝಡ್ ಬೇಕೇ ಬೇಕು. 5 ಮೀಟರ್ ಇಳಿಜಾರು ಇರುವ ಜಾಗದಲ್ಲಿ ಅದೇ ಮುಖ್ಯ ಮಾಹಿತಿ. ಮೂಲ ಫೈಲನ್ನು ಮುಟ್ಟದೆ ಬೇರೆ ಹೆಸರಿನಲ್ಲಿ ಒಂದು ಕಾಪಿ ಮಾಡಿ, ಅದರಲ್ಲಿ ಫ್ಲಾಟನ್ ಮಾಡಿ. ಫ್ಲಾಟನ್ ಎಕ್ಸ್‌ಪ್ರೆಸ್ ಟೂಲ್ಸ್‌ನಲ್ಲಿ ಬರುತ್ತದೆ. ಅದು ಇಲ್ಲದಿದ್ದರೆ ಗೆರೆಗಳನ್ನು ಆಯ್ಕೆ ಮಾಡಿ ಪ್ರಾಪರ್ಟೀಸ್‌ನಲ್ಲಿ ಸ್ಟಾರ್ಟ್ ಝಡ್, ಎಂಡ್ ಝಡ್ ಎರಡಕ್ಕೂ 0 ಕೊಟ್ಟರೆ ಸಾಕು.

ಕಾಪಿ ಬೇಡ ಅಂದರೆ ಓಸ್ನಾಪ್‌ಝಡ್ ಅನ್ನುವ ಸೆಟ್ಟಿಂಗ್ ಅನ್ನು 1 ಮಾಡಿ. ಆಗ ನೀವು ಕ್ಲಿಕ್ ಮಾಡಿದ ಮೂಲೆ ಯಾವ ಎತ್ತರದಲ್ಲಿದ್ದರೂ ಸಾಫ್ಟ್‌ವೇರ್ ಈಗಿನ ಎಲಿವೇಷನ್ (ಮಟ್ಟ) ಅನ್ನೇ ಹಿಡಿಯುತ್ತದೆ. ಡಿಸ್ಟ್ ಕೂಡ 60.00 ಹೇಳುತ್ತದೆ. ಗೆರೆ ಹಾಗೇ ಇರುತ್ತದೆ, ನಿಮ್ಮ ಕ್ಲಿಕ್ ಮಾತ್ರ ಸಮತಲಕ್ಕೆ ಬೀಳುತ್ತದೆ. ಕೆಲಸ ಮುಗಿದ ಮೇಲೆ ಮರೆಯದೆ 0 ಮಾಡಿ. ಮರೆತರೆ ಮುಂದೆ ತ್ರೀಡಿ ಕೆಲಸ ಮಾಡುವಾಗ ಕಾಟ.

ಇನ್ನೊಂದು ಗಮನಿಸಿ. ಸಾಧಾರಣ ಪಾಲಿಲೈನ್‌ಗೆ (ಹಲವು ತುಂಡು ಸೇರಿದ ಒಂದೇ ಗೆರೆ) ಒಂದೇ ಎಲಿವೇಷನ್ ಇರುತ್ತದೆ. ಆ ಓರೆ ಮೂಲೆಗಳನ್ನೇ ಹಿಡಿದು ಪಾಲಿಲೈನ್ ಎಳೆದರೂ ಅದು ಸಮತಲದಲ್ಲೇ ಕೂರುತ್ತದೆ. ಹಾಗಾಗಿ ನೀವು ಪಾಲಿಲೈನ್ ಎಳೆದು ತೆಗೆದ ವಿಸ್ತೀರ್ಣ ಸರಿಯಾಗಿಯೇ ಇರುತ್ತದೆ. ಲೈನ್ ಮತ್ತು ತ್ರೀಡಿ ಪಾಲಿಲೈನ್ ಮಾತ್ರ ಪ್ರತಿ ಮೂಲೆಯ ಎತ್ತರ ಇಟ್ಟುಕೊಳ್ಳುತ್ತವೆ.

ಬಟವಾಡಿ ಡ್ರಾಯಿಂಗ್

ಹೌದು ಮೇಡಂ, ಪಾಲಿಲೈನ್ ಎಳೆದಾಗ ವಿಸ್ತೀರ್ಣ 4047 ಚದರ ಮೀಟರ್ ಬಂದಿತ್ತು. ಒಂದು ಎಕರೆಗೆ ಸರಿ ಇದೆ. ಅದೊಂದು ಸರಿ ಬಂದು ಉದ್ದ ಮಾತ್ರ ತಪ್ಪಿದ್ದೇ ನನಗೆ ಇನ್ನೂ ಗೊಂದಲ ಮಾಡಿತ್ತು.

60.21 ಮತ್ತು 60.00 ಅರ್ಥ ಆಯಿತು. ಆದರೆ ನೀಲಿ ಲೇಯರ್‌ನ 59.77? ಅದರಲ್ಲಿ ಡೆಲ್ಟಾ ಝಡ್ ಸೊನ್ನೆ. ನೋಡಿದೆ.

ತಿಪಟೂರು ಕಾಂಟ್ರಾಕ್ಟರ್

ನಾನು ಕ್ಯಾಡ್ ಮಾಡುವವನಲ್ಲ, ಸೈಟ್ ನೋಡಿಕೊಳ್ಳುವವನು. ಒಂದು ಕೇಳಲಾ? ಆ ಹಳೇ ಸ್ಕೆಚ್‌ನಲ್ಲಿ ಏನು ಬರೆದಿದೆ, ಹಾಗೇ ಇದ್ದ ಹಾಗೆ ಹೇಳಿ.

ಬಟವಾಡಿ ಡ್ರಾಯಿಂಗ್

196.10 ಅಂತ ಇದೆ ಅಣ್ಣ. ನಮ್ಮ ಹುಡುಗ 196.10 ಅಡಿ ಅಂತಲೇ ಹಾಕಿದ್ದಾನೆ. ಮೀಟರ್‌ಗೆ ತಿರುಗಿಸಿದರೆ 59.77.

ತಿಪಟೂರು ಕಾಂಟ್ರಾಕ್ಟರ್

ಅದು 196 ಪಾಯಿಂಟ್ ಒಂದು ಸೊನ್ನೆ ಅಲ್ಲ. 196 ಅಡಿ 10 ಇಂಚು!

ನಮ್ಮ ಕಡೆ ಮೇಸ್ತ್ರಿಗಳು, ಬಡಗಿಗಳು, ಹಳೇ ಸರ್ವೇ ಜನ ಎಲ್ಲರೂ ಬರೆಯುವುದು ಹಾಗೇ. 10.6 ಅಂದರೆ ಹತ್ತೂವರೆ ಅಡಿ. 10.3 ಅಂದರೆ ಹತ್ತೂಕಾಲು. ಚುಕ್ಕೆಯ ಈ ಕಡೆ ಅಡಿ, ಆ ಕಡೆ ಇಂಚು. ಚುಕ್ಕೆ ಆದ ಮೇಲೆ 11ರವರೆಗೂ ಹೋಗುತ್ತದೆ, 12 ಆದರೆ ಮುಂದಿನ ಅಡಿ. ಕಂಪ್ಯೂಟರ್‌ಗೆ ಅದು ಗೊತ್ತಿಲ್ಲ. ಅದು 10.6 ಅನ್ನು ಹತ್ತು ಅಡಿ, ಅಡಿಯ ಹತ್ತರಲ್ಲಿ ಆರು ಭಾಗ ಅಂತ ಓದುತ್ತದೆ. ಅಂದರೆ 10 ಅಡಿ 7.2 ಇಂಚು. ಬಾಗಿಲ ಚೌಕಟ್ಟಿಗೆ ಆ ಒಂದೂ ಕಾಲು ಇಂಚು ಸಾಕು, ಗೋಡೆ ಒಡೆಯಬೇಕಾಗುತ್ತದೆ.

10.10 ಬಂದರೆ ಇನ್ನೂ ಕಷ್ಟ. ಮೇಸ್ತ್ರಿಗೆ ಅದು ಹತ್ತು ಅಡಿ ಹತ್ತು ಇಂಚು. ಕಂಪ್ಯೂಟರ್‌ಗೆ 10.1, ಅಂದರೆ ಹತ್ತು ಅಡಿ ಒಂದೂ ಕಾಲು ಇಂಚು ಹತ್ತಿರ. ಎಂಟೂ ಮುಕ್ಕಾಲು ಇಂಚು ಮಾಯ. ನಾನು ನೋಡಿದ ಮನೆಯೊಂದರಲ್ಲಿ ಬಚ್ಚಲುಮನೆ ಹೀಗೆ ಕಿರಿದಾಗಿ, ಕಟ್ಟಿದ ಅರ್ಧ ಗೋಡೆ ಕೆಡವಿದ್ದಾರೆ. ಸ್ಕೆಚ್ ಬರೆದವರದ್ದೂ ತಪ್ಪಲ್ಲ, ಕ್ಯಾಡ್ ಮಾಡಿದವರದ್ದೂ ಪೂರ್ತಿ ತಪ್ಪಲ್ಲ. ನಡುವೆ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಬಟವಾಡಿ ಡ್ರಾಯಿಂಗ್

ಅಣ್ಣಾ! ಈಗ ಲೆಕ್ಕ ಹಾಕಿದೆ. 196 ಅಡಿ 10 ಇಂಚು ಅಂದರೆ 59.995 ಮೀಟರ್. ಟೋಟಲ್ ಸ್ಟೇಷನ್‌ನ ಸಮತಲದ ಅಳತೆ 60.00. ಅರ್ಧ ಸೆಂಟಿಮೀಟರ್ ವ್ಯತ್ಯಾಸ!

ಎರಡೂ ಬೇರೆ ಬೇರೆ ಕಾರಣ. ವ್ಯತ್ಯಾಸ 21 ಮತ್ತು 23 ಸೆಂಟಿಮೀಟರ್ ಅಂತ ಹತ್ತಿರ ಹತ್ತಿರ ಇದ್ದದ್ದಕ್ಕೆ ಒಂದೇ ದೋಷ ಅಂತ ಹುಡುಕುತ್ತಿದ್ದೆ. ಒಂದು ಇಳಿಜಾರು, ಇನ್ನೊಂದು ಚುಕ್ಕೆ.

ಕೋಲಾರ ಸರ್ವೇ

ಆ ಸ್ಕೆಚ್ ಬರೆದವರು ಯಾರೋ, ಅವರಿಗೆ ನನ್ನ ನಮಸ್ಕಾರ. ಬೆಟ್ಟದ ಬುಡದ ಇಳಿಜಾರಿನಲ್ಲಿ ಚೈನೋ ಟೇಪೋ ಹಿಡಿದು, ಇಂಚಿನ ಒಳಗೆ ತಂದಿದ್ದಾರೆ. ಮಟ್ಟ ಹಿಡಿದು, ಗುಂಡು ನಿಲ್ಲಿಸಿ ಅಳೆಯದೆ ಅದು ಬರುವುದಿಲ್ಲ. ಆ ಸ್ಕೆಚ್ ಜೋಪಾನ ಮಾಡಲು ಮಾಲೀಕರಿಗೆ ಹೇಳು. ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಲಿ.

ಇನ್ನೊಂದು ಮಾತು. ಬೇಲಿಯ ತಂತಿಗೆ 60.00 ಲೆಕ್ಕ ಹಾಕಬೇಡ. ತಂತಿ ನೆಲದ ಜೊತೆ ಇಳಿಯುತ್ತದೆ, ಅದಕ್ಕೆ ಓರೆಯ ಉದ್ದವೇ ಬೇಕು. ಅಲ್ಲಿ ಮಾಲೀಕರ ಟೇಪೇ ಸರಿ.

ಶಿಡ್ಲಘಟ್ಟ ಡಿಪ್ಲೊಮಾ

ಎಲ್ಲರಿಗೂ ನಮಸ್ತೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಇದನ್ನೆಲ್ಲ ಓದಿ ನನ್ನದೂ ಒಂದು ಕೇಳುತ್ತಿದ್ದೇನೆ, ಬೇರೆ ವಿಷಯ ಅನಿಸಿದರೆ ಕ್ಷಮಿಸಿ.

ಅಪ್ಪನ ರೇಷ್ಮೆ ರೀಲಿಂಗ್ ಘಟಕದಲ್ಲಿ ಒಂದು ಬುಷ್ (ಶಾಫ್ಟ್ ತಿರುಗುವ ಉಂಗುರದಂಥ ಭಾಗ) ಸವೆದಿದೆ. ತ್ರೀಡಿ ಪ್ರಿಂಟ್ ಮಾಡಿಸೋಣ ಅಂತ ಸ್ಕೆಚ್‌ಅಪ್‌ನಲ್ಲಿ ಬರೆದೆ. ತೂತು 20 ಮಿಲಿಮೀಟರ್. ಪ್ರಿಂಟ್‌ಗೆ ಕೊಡುವ ಎಸ್‌ಟಿಎಲ್ ಫೈಲ್ ಮಾಡಿ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತೆರೆದು ಅಳೆದರೆ ಒಂದು ಕಡೆ 20.00, ಇನ್ನೊಂದು ಕಡೆ 19.83. ಪ್ರಿಂಟ್ ಆದ ಮೇಲೆ 20ರ ಶಾಫ್ಟ್ ಒಳಗೆ ಹೋಗಲೇ ಇಲ್ಲ. ಅಲ್ಲೂ ಅಳೆಯುವ ಟೂಲ್ ತಪ್ಪು ಹೇಳುತ್ತಿದೆಯಾ?

ಅಂತರಸನಹಳ್ಳಿ ಟೂಲ್‌ರೂಂ

ಬೇರೆ ವಿಷಯ ಅಲ್ಲ ತಮ್ಮ, ಇದೇ ವಿಷಯ. ನಿನ್ನ ತೂತು ಗುಂಡಗಿಲ್ಲ. ಪೂರ್ತಿ ಜೂಮ್ ಮಾಡಿ ಅಂಚು ಎಣಿಸು. 24 ಬದಿ ಇರುತ್ತವೆ. ಸ್ಕೆಚ್‌ಅಪ್‌ನಲ್ಲಿ ವೃತ್ತ ಅಂದರೆ ಮೊದಲಿನಿಂದಲೇ 24 ನೇರ ಗೆರೆಗಳ ಬಹುಭುಜ. ನೀನು ಕೊಟ್ಟ 20 ಮಿಲಿಮೀಟರ್ ಮೂಲೆಯಿಂದ ಎದುರು ಮೂಲೆಗೆ. ಚಪ್ಪಟೆಯಿಂದ ಎದುರು ಚಪ್ಪಟೆಗೆ ಅಳೆದರೆ 20ಕ್ಕೆ ಕಾಸ್ 7.5 ಡಿಗ್ರಿ ಗುಣಿಸಬೇಕು. ಅದೇ 19.83. ಶಾಫ್ಟ್ ತಾಗುವುದು ಚಪ್ಪಟೆಗೆ, ಮೂಲೆಗೆ ಅಲ್ಲ.

ವೃತ್ತ ಎಳೆಯುವ ಮುಂಚೆ 96 ಅಂತ ಟೈಪ್ ಮಾಡಿ ಎಂಟರ್ ಕೊಡು, ಬದಿ ಜಾಸ್ತಿ ಆಗುತ್ತದೆ. ಆಗ ಚಪ್ಪಟೆಯಿಂದ ಚಪ್ಪಟೆಗೆ 19.99 ಸಿಗುತ್ತದೆ. ಆದರೆ ಪ್ಲಾಸ್ಟಿಕ್ ಪ್ರಿಂಟ್‌ನಲ್ಲಿ ತೂತು ಬರೆದದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿಯೇ ಬರುತ್ತದೆ, ಶಾಫ್ಟ್ ತಿರುಗಲು ಸಡಿಲವೂ ಬೇಕು. ಇಡೀ ಬುಷ್ ಪ್ರಿಂಟ್ ಮಾಡಿಸಿ ದುಡ್ಡು ಹಾಕಬೇಡ. 20.2, 20.3, 20.4 ತೂತು ಇರುವ ಮೂರು ತೆಳು ಉಂಗುರ ಪ್ರಿಂಟ್ ಮಾಡಿಸಿ ಶಾಫ್ಟ್‌ಗೆ ಹಾಕಿ ನೋಡು.

ಎಸ್‌ಟಿಎಲ್ ಬಗ್ಗೆ ಇನ್ನೊಂದು ತಿಳಿದಿರಲಿ. ಆ ಫೈಲಿನಲ್ಲಿ ಬರೀ ಸಂಖ್ಯೆ ಇರುತ್ತದೆ, ಯುನಿಟ್ ಇರುವುದಿಲ್ಲ. 20 ಅಂದರೆ ಮಿಲಿಮೀಟರಾ ಇಂಚಾ ಅಂತ ತೆರೆಯುವ ಸಾಫ್ಟ್‌ವೇರ್ ತಾನೇ ಊಹಿಸುತ್ತದೆ. 25.4 ಪಟ್ಟು ದೊಡ್ಡದು ಚಿಕ್ಕದು ಕಂಡರೆ ಕಾರಣ ಅದೇ.

ಮುಂದೆ ಸಾಲಿಡ್‌ವರ್ಕ್ಸ್ ಕಲಿಯುತ್ತೀಯ. ಅಲ್ಲಿ ಎರಡು ತೂತಿನ ನಡುವೆ ಮೆಷರ್ ಕೊಟ್ಟಾಗ ಸೆಂಟರ್‌ನಿಂದ ಸೆಂಟರ್‌ಗಾ, ಅತಿ ಹತ್ತಿರದ ಅಂಚಿಗಾ, ಅತಿ ದೂರದ ಅಂಚಿಗಾ ಅಂತ ಆಯ್ಕೆ ಇರುತ್ತದೆ. 10ರ ಎರಡು ತೂತು 45 ಸೆಂಟರ್‌ನಲ್ಲಿ ಇದ್ದರೆ ಅದೇ ಟೂಲ್ 45, 35, 55 ಮೂರನ್ನೂ ಹೇಳಬಲ್ಲದು. ಮೂರೂ ನಿಜ.

ಶಿಡ್ಲಘಟ್ಟ ಡಿಪ್ಲೊಮಾ

ಎಣಿಸಿದೆ ಅಣ್ಣ, 24 ಬದಿಯೇ ಇದೆ. ಉಂಗುರ ಪ್ರಿಂಟ್ ಮಾಡಿಸಿ ಹೇಳುತ್ತೇನೆ.

ಗೌರಿಬಿದನೂರು ಸಿವಿಲ್

ಕೋಲಾರ ಸರ್ವೇ ಸರ್, ನಿಮ್ಮನ್ನು ಒಂದು ಕೇಳಬೇಕು. ಒಂದು ರಸ್ತೆ ಕೆಲಸಕ್ಕೆ ಡಿಜಿಪಿಎಸ್ (ಉಪಗ್ರಹದ ನೆರವಿನಿಂದ ಸ್ಥಾನ ಹೇಳುವ ಉಪಕರಣ) ಪಾಯಿಂಟ್ ತಂದಿದ್ದೇವೆ. ಸೈಟ್‌ನಲ್ಲಿ ಅಳೆದ ಉದ್ದಕ್ಕೂ ಕ್ಯಾಡ್‌ನ ಉದ್ದಕ್ಕೂ ಕಿಲೋಮೀಟರ್‌ಗೆ ಅರ್ಧ ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದೆ. ಮಟ್ಟ ಎಲ್ಲಾ ಸೊನ್ನೆ ಮಾಡಿ ನೋಡಿದ್ದೇವೆ. ಕ್ಯಾಡ್‌ನಲ್ಲೇ ಜಾಸ್ತಿ ಬರುತ್ತಿದೆ.

ಕೋಲಾರ ಸರ್ವೇ

ಮೇಡಂ, ಇದು ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡು ಜಿಲ್ಲೆಯ ಜನ ಎಲ್ಲರೂ ತಿಳಿದಿರಬೇಕಾದ ವಿಷಯ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಪಾಯಿಂಟ್‌ಗಳು ಯುಟಿಎಂ ಅನ್ನುವ ನಕ್ಷೆ ಪದ್ಧತಿಯಲ್ಲಿ ಇರುತ್ತವೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಲು ಯುಟಿಎಂ ಅದನ್ನು 6 ಡಿಗ್ರಿ ಅಗಲದ ಪಟ್ಟಿಗಳಾಗಿ ಕತ್ತರಿಸುತ್ತದೆ. ಪಟ್ಟಿಯ ಮಧ್ಯದ ಗೆರೆಯಲ್ಲಿ ಅಳತೆ 0.9996 ಪಟ್ಟು, ಅಂದರೆ ಸ್ವಲ್ಪ ಕುಗ್ಗಿರುತ್ತದೆ. ಅಂಚಿನ ಕಡೆ ಹೋದ ಹಾಗೆ ಹಿಗ್ಗುತ್ತದೆ. 43ನೇ ಪಟ್ಟಿ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ. 44ನೇದು 78ರಿಂದ 84. ಆ 78 ಡಿಗ್ರಿ ಗೆರೆ ಸರಿಯಾಗಿ ನಮ್ಮ ಮೇಲೇ ಹಾದು ಹೋಗುತ್ತದೆ. ಮಾಲೂರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಆ ಕಡೆ, 43ರಲ್ಲಿ. ಕೋಲಾರ, ಚಿಂತಾಮಣಿ, ಬಂಗಾರಪೇಟೆ, ಮುಳಬಾಗಿಲು ಈ ಕಡೆ, 44ರಲ್ಲಿ. ನಾವೆಲ್ಲ ಪಟ್ಟಿಯ ಅಂಚಿನ ಜನ.

ಹಾಗಾಗಿ ಕೋಲಾರದಲ್ಲಿ ನೆಲದ ಮೇಲಿನ ಒಂದು ಕಿಲೋಮೀಟರ್ ಹಾಳೆಯಲ್ಲಿ ಹತ್ತಿರ ಹತ್ತಿರ 80 ಸೆಂಟಿಮೀಟರ್ ಹಿಗ್ಗುತ್ತದೆ. ನಮ್ಮ ನೆಲ ಸಮುದ್ರಮಟ್ಟಕ್ಕಿಂತ 800 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿ ಇರುವುದರಿಂದ ಅದರಲ್ಲಿ 12 ಸೆಂಟಿಮೀಟರ್‌ನಷ್ಟು ಕಮ್ಮಿ ಆಗುತ್ತದೆ. ಉಳಿಯುವುದು ಸುಮಾರು 68. ಒಂದು ಎಕರೆಗೆ ಲೆಕ್ಕ ಹಾಕಿದರೆ 60 ಚದರ ಅಡಿಯ ಹತ್ತಿರ. ಕೋಲಾರದ ಸೈಟ್ ಬೆಲೆಗೆ ಇದು ಸಣ್ಣದಲ್ಲ. ಚಿಕ್ಕಬಳ್ಳಾಪುರದಲ್ಲಿ ಕಿಲೋಮೀಟರ್‌ಗೆ 55ರ ಆಸುಪಾಸು. ತುಮಕೂರು ಅಂಚಿನಿಂದ ಒಳಗಿದೆ, ಅಲ್ಲಿ 12 ಸೆಂಟಿಮೀಟರ್ ಅಷ್ಟೇ. ಬಟವಾಡಿ ತಮ್ಮನ 60 ಮೀಟರ್ ಗೆರೆಗೆ ಒಂದು ಸೆಂಟಿಮೀಟರ್ ಕೂಡ ಇಲ್ಲ, ಅವನು ತಲೆ ಕೆಡಿಸಿಕೊಳ್ಳುವುದು ಬೇಡ.

ನಿಮ್ಮ ಕೆಲಸಕ್ಕೆ ಸರ್ವೇ ಮಾಡಿದವರ ಹತ್ತಿರ ಎರಡು ಪ್ರಶ್ನೆ ಕೇಳಿ. ಗ್ರಿಡ್ ಅಳತೆ (ಹಾಳೆಯ ಮೇಲಿನದ್ದು) ಕೊಟ್ಟಿದ್ದೀರಾ, ನೆಲದ ಅಳತೆ ಕೊಟ್ಟಿದ್ದೀರಾ? ಸ್ಕೇಲ್ ಫ್ಯಾಕ್ಟರ್ (ಹಿಗ್ಗು-ಕುಗ್ಗಿನ ಪಟ್ಟು) ಎಷ್ಟು ಹಿಡಿದಿದ್ದೀರಾ? ಅದನ್ನು ಡ್ರಾಯಿಂಗ್ ಮೇಲೆ ಬರೆಸಿ.

ಯಾವ ಪಟ್ಟಿ ಅನ್ನುವುದನ್ನೂ ಕೇಳಿ. ಮಾಲೂರಿನ ಪಾಯಿಂಟ್ 43ರಲ್ಲಿ ತಂದು, ಕೋಲಾರದ್ದು 44ರಲ್ಲಿ ತಂದು ಒಂದೇ ಫೈಲಿಗೆ ಹಾಕಿದರೆ ಒಂದರ ಈಸ್ಟಿಂಗ್ (ಪೂರ್ವ-ಪಶ್ಚಿಮದ ಸಂಖ್ಯೆ) 8 ಲಕ್ಷ ದಾಟಿರುತ್ತದೆ, ಇನ್ನೊಂದರದ್ದು 2 ಲಕ್ಷದೊಳಗೆ. ಪಕ್ಕದ ತಾಲ್ಲೂಕು 600 ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ. ಅದನ್ನು ಎಳೆದು ತಂದು ಜೋಡಿಸಿದರೂ ಸರಿ ಆಗುವುದಿಲ್ಲ. ಎರಡು ಪಟ್ಟಿಯ ಉತ್ತರ ದಿಕ್ಕೇ ಒಂದಕ್ಕೊಂದು ಒಂದೂಕಾಲು ಡಿಗ್ರಿಗಿಂತ ಜಾಸ್ತಿ ತಿರುಗಿರುತ್ತದೆ. ಎಲ್ಲವನ್ನೂ ಒಂದೇ ಪಟ್ಟಿಗೆ ಪರಿವರ್ತನೆ ಮಾಡಿಸಿಕೊಂಡೇ ತರಬೇಕು.

ಸಾಫ್ಟ್‌ವೇರ್‌ನ ಯುನಿಟ್ ಆಯ್ಕೆಗಳಲ್ಲಿ ಎರಡು ಬಗೆಯ ಅಡಿ ಕಾಣುತ್ತವೆ, ಅದನ್ನೂ ನೋಡಿಕೊಳ್ಳಿ. ಒಂದು ಮಾಮೂಲಿ ಅಡಿ, 0.3048 ಮೀಟರ್. ಇನ್ನೊಂದು ಯುಎಸ್ ಸರ್ವೇ ಅಡಿ. ಅಮೆರಿಕದಲ್ಲೇ ಅದನ್ನು 2022ರ ಕೊನೆಗೆ ನಿಲ್ಲಿಸಿದ್ದಾರೆ. ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು ಭಾಗ, ಮನೆ ಪ್ಲಾನ್‌ಗೆ ಏನೂ ಇಲ್ಲ. ಆದರೆ ನಮ್ಮ ನಾರ್ತಿಂಗ್ (ಉತ್ತರ-ದಕ್ಷಿಣದ ಸಂಖ್ಯೆ) 14 ಲಕ್ಷ ಮೀಟರ್ ದಾಟುತ್ತದೆ. ಅಷ್ಟಕ್ಕೆ ಲೆಕ್ಕ ಹಾಕಿದರೆ ಇಡೀ ನಕ್ಷೆ ಮೂರು ಮೀಟರ್ ಹತ್ತಿರ ಜಾರುತ್ತದೆ.

ಗೌರಿಬಿದನೂರು ಸಿವಿಲ್

ಕೇಳಿದೆ ಸರ್. ಗ್ರಿಡ್ ಅಳತೆಯೇ ಕೊಟ್ಟಿದ್ದಾರೆ. ಸ್ಕೇಲ್ ಫ್ಯಾಕ್ಟರ್ ಹಾಕಿ ಮತ್ತೆ ಕಳಿಸುತ್ತೇವೆ ಅಂದಿದ್ದಾರೆ. ಬಿಲ್ ಮಾಡುವ ಮುಂಚೆ ಗೊತ್ತಾಗಿದ್ದು ಒಳ್ಳೆಯದಾಯಿತು.

ಬಟವಾಡಿ ಡ್ರಾಯಿಂಗ್

ಭಾನುವಾರ ಜಮೀನಿಗೆ ಹೋಗಿದ್ದೆ. ಮಾಲೀಕರೂ ಬಂದಿದ್ದರು, ಪಕ್ಕದ ಜಮೀನಿನವರನ್ನೂ ಕರೆದೆವು. ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಹಾಗಾಗಿ ಸರ್ವೇ ಸರ್ ಹೇಳಿದ ಹಾಗೆ ಮಾಡಿದೆವು. 30 ಮೀಟರ್ ಟೇಪ್, ಒಂದು ರಸಮಟ್ಟ, ಮೇಸ್ತ್ರಿ ಹತ್ತಿರದ ತೂಗುಗುಂಡು. ಮೇಲಿನ ಬಾಂದು ಕಲ್ಲಿನಿಂದ ಶುರು ಮಾಡಿ ಐದೈದು ಮೀಟರ್‌ಗೆ ಟೇಪನ್ನು ಮಟ್ಟವಾಗಿ ಬಿಗಿದು, ಗುಂಡು ಬಿಟ್ಟು, ಗೂಟ ಹೊಡೆಯುತ್ತಾ ಇಳಿದೆವು. ಕೊನೆಕೊನೆಗೆ ಗಾಳಿ ಜಾಸ್ತಿ ಇತ್ತು. ಪಕ್ಕದ ಜಮೀನಿನ ಯಜಮಾನರೇ ಟವೆಲ್ ಅಡ್ಡ ಹಿಡಿದು ಗುಂಡು ಅಲ್ಲಾಡದ ಹಾಗೆ ನೋಡಿಕೊಂಡರು.

ಕೆಳಗಿನ ಕಲ್ಲಿಗೆ ಬಂದಾಗ 59.97. ಮೂರು ಸೆಂಟಿಮೀಟರ್ ಕಮ್ಮಿ. ಹನ್ನೆರಡು ಸಲ ಟೇಪ್ ಎತ್ತಿ ಇಟ್ಟಿದ್ದಕ್ಕೆ ಅಷ್ಟು ಬರುತ್ತದೆ ಅಂತ ಎಲ್ಲರೂ ಒಪ್ಪಿದರು. ಆಮೇಲೆ ಟೇಪನ್ನು ನೆಲಕ್ಕೆ ಮಲಗಿಸಿ ಅಳೆದೆವು, 60.2 ಬಂತು. ಮಾಲೀಕರು ಎರಡೂ ಸಂಖ್ಯೆಯನ್ನು ತಮ್ಮ ಹಳೇ ಸ್ಕೆಚ್‌ನ ಹಿಂದೆ ಪೆನ್ನಿನಲ್ಲಿ ಬರೆದುಕೊಂಡರು. ಸ್ಕೆಚ್ ಬರೆದದ್ದು ತಮ್ಮ ತಂದೆಯ ಕಾಲದಲ್ಲಿ ಅಂತ ಆಗ ಹೇಳಿದರು. ತಂತಿಗೆ ಓರೆ ಉದ್ದದ ಲೆಕ್ಕದಲ್ಲೇ ಆರ್ಡರ್ ಕೊಡುತ್ತಾರೆ.

ಪ್ಲಾನ್‌ನ ಕೆಳಗೆ "ಎಲ್ಲ ಗಡಿ ಅಳತೆಗಳು ಸಮತಲದಲ್ಲಿ, ಮೀಟರ್‌ನಲ್ಲಿ" ಅಂತ ಒಂದು ಸಾಲು ಹಾಕಿದ್ದೇನೆ. ನೀಲಿ ಲೇಯರ್ ಅಳಿಸಿ, ಅಡಿ-ಇಂಚಿನ ಗುರುತು ಹಾಕಿ ಹೊಸದಾಗಿ ಬರೆಸಿದೆ. ಈಗ ಎರಡು ಗೆರೆ ಒಂದರ ಮೇಲೊಂದು ಕೂತಿವೆ, ಬಹಳ ಜೂಮ್ ಮಾಡಿದರೆ ಮಾತ್ರ ಬೇರೆ ಬೇರೆ ಅಂತ ಗೊತ್ತಾಗುತ್ತದೆ.

ಶಿಡ್ಲಘಟ್ಟದ ತಮ್ಮಾ, ಉಂಗುರ ಏನಾಯಿತು?

ಶಿಡ್ಲಘಟ್ಟ ಡಿಪ್ಲೊಮಾ

20.2 ಬಿಗಿ ಆಯಿತು ಅಣ್ಣ. 20.3 ಕೂತಿತು ಆದರೆ ತಿರುಗಲಿಲ್ಲ. 20.4 ಸರಿಯಾಗಿ ತಿರುಗುತ್ತಿದೆ. ನಾಳೆ ಬುಷ್ ಪೂರ್ತಿ ಪ್ರಿಂಟ್‌ಗೆ ಕೊಡುತ್ತೇನೆ, 96 ಬದಿ ಇಟ್ಟು.